ದೂರದ ಸರ್ವರ್‌ನಲ್ಲಿ ಫೋಲ್ಡರ್ ಮಾಡಲು ಆಗುತ್ತಿಲ್ಲ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಫೈಲ್‌ಜಿಲ್ಲಾ ಎಂಬ ತಂತ್ರಾಂಶ ಬಳಸಿ ನಮ್ಮ ಜಾಲತಾಣದ ಸರ್ವರ್‌ಗೆ ಎಫ್‌ಟಿಪಿ (ಫೈಲ್‌ಗಳನ್ನು ಸಾಗಿಸುವ ವಿಧಾನ) ಮೂಲಕ ಸಂಪರ್ಕ ಪಡೆದಿದ್ದೇನೆ. ಚಿತ್ರಗಳ ಫೋಲ್ಡರ್‌ನೊಳಗೆ ಹೊಸ ಫೋಲ್ಡರ್ ಮಾಡಲು ಹೋದರೆ 550 ಎಂಬ ದೋಷ ಬರುತ್ತದೆ. ಹೊರಗೆ ಮಾಡಿದರೆ ಫೋಲ್ಡರ್ ಆಗುತ್ತದೆ, ಆದರೆ ಬ್ರೌಸರ್‌ನಲ್ಲಿ ತೆರೆಯುವುದಿಲ್ಲ. ಏನು ಮಾಡಬೇಕು?

ಉತ್ತರ 1: ನಮಸ್ಕಾರ. ನಿಮ್ಮ ಎರಡನೆಯ ತೊಂದರೆ ಸುಲಭದ್ದು. ಲಾಗಿನ್ ಆದ ಕೂಡಲೇ ನಾವು ಇಳಿಯುವುದು ನಮ್ಮ ಖಾತೆಯ ಹೋಮ್ ಫೋಲ್ಡರ್‌ಗೆ. ಬ್ರೌಸರ್‌ಗೆ ಕಾಣುವುದು ಅದರೊಳಗಿನ ಒಂದು ಫೋಲ್ಡರ್ ಮಾತ್ರ. ಅನೇಕ ಕಡೆ ಅದರ ಹೆಸರು ‘ಪಬ್ಲಿಕ್_ಎಚ್‌ಟಿಎಂಎಲ್’ ಎಂದಿರುತ್ತದೆ. ಅದರ ಹೊರಗೆ ಮಾಡಿದ್ದು ಸರ್ವರ್‌ನಲ್ಲಿ ಇದ್ದರೂ ಜಾಲತಾಣದ ಭಾಗವಾಗುವುದಿಲ್ಲ.

550ರ ವಿಷಯಕ್ಕೆ ಬಂದರೆ, ಮೇಲ್ಭಾಗದಲ್ಲಿ ಓಡುವ ಲಾಗ್ ಸಾಲುಗಳನ್ನು ದಯವಿಟ್ಟು ಪೂರ್ತಿ ಓದಿ. ‘ಕ್ರಿಯೇಟ್ ಡೈರೆಕ್ಟರಿ’ (ಡೈರೆಕ್ಟರಿ ಎಂದರೆ ಫೋಲ್ಡರ್) ಒತ್ತಿದಾಗ ತಂತ್ರಾಂಶವು ಸರ್ವರ್‌ಗೆ ಎಂಕೆಡಿ ಎಂಬ ಆದೇಶ ಕಳುಹಿಸುತ್ತದೆ. ಫೋಲ್ಡರ್ ಆದರೆ 257 ಎಂಬ ಉತ್ತರ ಬರುತ್ತದೆ. 550 ಬಂದರೆ ಸರ್ವರ್ ಒಪ್ಪಲಿಲ್ಲ ಎಂದರ್ಥ, ಮತ್ತು ಕಾರಣ ಸಾಮಾನ್ಯವಾಗಿ ಅದೇ ಸಾಲಿನಲ್ಲಿ ಇರುತ್ತದೆ: ಆ ಹೆಸರು ಆಗಲೇ ಇದೆ, ಮೇಲಿನ ಫೋಲ್ಡರ್ ಇಲ್ಲ, ಇಲ್ಲವೇ ಅಲ್ಲಿ ಬರೆಯಲು ನಿಮಗೆ ಅನುಮತಿ ಇಲ್ಲ.

ಅನುಮತಿ ಇಲ್ಲವೆಂದು ತಿಳಿದ ತಕ್ಷಣ ಎಲ್ಲದಕ್ಕೂ 777 ಎಂಬ ಅನುಮತಿ ಸಂಖ್ಯೆ ಕೊಟ್ಟುಬಿಡಬೇಡಿ. ಆ ಮೂರು ಅಂಕಿಗಳು ಮಾಲೀಕ, ಗುಂಪು, ಉಳಿದವರು ಎಂಬ ಕ್ರಮದಲ್ಲಿವೆ. ಓದಲು 4, ಬರೆಯಲು 2, ಒಳಹೋಗಲು 1; ಕೊಟ್ಟ ಅನುಮತಿಗಳನ್ನು ಕೂಡಿದರೆ ಒಂದು ಅಂಕಿ. ಹಾಗಾಗಿ 777 ಎಂದರೆ ಆ ಸರ್ವರ್‌ನ ಯಾವ ಖಾತೆಯಾದರೂ ನಿಮ್ಮ ಫೋಲ್ಡರ್‌ನಲ್ಲಿ ಬರೆಯಬಹುದು, ಅಳಿಸಲೂಬಹುದು. ಫೋಲ್ಡರ್‌ಗೆ 755, ಫೈಲ್‌ಗೆ 644 ಸಾಮಾನ್ಯವಾಗಿ ಸಾಕು.

ಇವೆರಡನ್ನು ಅದಲುಬದಲು ಮಾಡಿ ನಾನೇ ಒಂದು ಸಂಜೆ ಪೂರ್ತಿ ಕಷ್ಟಪಟ್ಟಿದ್ದೇನೆ. ಒಳಗಿನ ಎಲ್ಲದಕ್ಕೂ ಅನ್ವಯಿಸು ಎಂಬ ಆಯ್ಕೆಗೆ ಗುರುತು ಹಾಕಿ 644 ಕೊಟ್ಟೆ. ಫೈಲ್‌ಗಳ ಜೊತೆ ಫೋಲ್ಡರ್‌ಗಳಿಗೂ ಅದೇ ಹತ್ತಿತು, ಒಳಹೋಗುವ 1 ಹೋಯಿತು, ತಾಣದ ಚಿತ್ರಗಳೆಲ್ಲ ಒಮ್ಮೆಲೇ ಮಾಯವಾದವು. ಆ ಆಯ್ಕೆಯ ಕೆಳಗೇ ಫೈಲ್‌ಗಳಿಗೆ ಮಾತ್ರ, ಡೈರೆಕ್ಟರಿಗಳಿಗೆ ಮಾತ್ರ ಎಂಬ ಎರಡು ಆಯ್ಕೆಗಳಿವೆ. ಅವನ್ನು ನೋಡದೆ ‘ಓಕೆ’ ಒತ್ತಬೇಡಿ.

ಉತ್ತರ 2: ಹೆಸರಿನ ಬಗ್ಗೆ ಒಂದು ಮಾತು. ಲಿನಕ್ಸ್ ಸರ್ವರ್‌ನಲ್ಲಿ ಇಂಗ್ಲಿಷ್‌ನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆಬೇರೆ. ವಿಂಡೋಸ್‌ನಲ್ಲಿ ಒಂದೇ ಎನಿಸುವ ಹೆಸರು ಅಲ್ಲಿ ಎರಡು ಫೋಲ್ಡರ್ ಆಗಿಬಿಡುತ್ತದೆ. ಚಿಕ್ಕಕ್ಷರಗಳನ್ನೇ ಬಳಸಿ, ಪದಗಳ ನಡುವೆ ಖಾಲಿ ಜಾಗ ಬಿಡದೆ ಅಡ್ಡಗೆರೆ ಹಾಕಿ.

ಉತ್ತರ 3: ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. 755 ಇದ್ದೂ ಫೋಲ್ಡರ್ ಆಗದಿದ್ದರೆ ಬಲಬದಿಯ ಪಟ್ಟಿಯಲ್ಲಿ ಮಾಲೀಕರ ಹೆಸರು ತೋರಿಸುವ ಕಾಲಂ ನೋಡಿ. ಚಿತ್ರಗಳ ಫೋಲ್ಡರ್ ಅನ್ನು ಜಾಲತಾಣದ ತಂತ್ರಾಂಶವೇ ಸೃಷ್ಟಿಸಿದ್ದರೆ ಅದರ ಮಾಲೀಕತ್ವ ವೆಬ್ ಸರ್ವರ್‌ನ ಖಾತೆಯ ಹೆಸರಿನಲ್ಲಿ ಇರಬಹುದು. ಆಗ ನೀವು ‘ಉಳಿದವರು’ ಆಗುತ್ತೀರಿ. ಬರೆಯಲು ಮಾತ್ರವಲ್ಲ, ಅನುಮತಿಯ ಅಂಕಿ ಬದಲಿಸಲೂ ಸರ್ವರ್ ಬಿಡುವುದಿಲ್ಲ. ಮಾಲೀಕತ್ವವನ್ನು ಸರ್ವರ್ ನಿರ್ವಾಹಕರೇ ಬದಲಿಸಿಕೊಡಬೇಕು.

ಮುಂದೆ ಎಸ್‌ಎಫ್‌ಟಿಪಿಗೆ (ಎಲ್ಲವನ್ನೂ ಗೂಢಲಿಪಿಯಲ್ಲಿ ಕಳುಹಿಸುವ ಬೇರೆ ವಿಧಾನ) ಬದಲಾಗುವುದು ಒಳ್ಳೆಯದು, ಏಕೆಂದರೆ ಬರಿಯ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಹೋಗುತ್ತದೆ. ಆದರೆ ಅಲ್ಲಿ 550 ಕಾಣುವುದಿಲ್ಲ. ಬಹಳ ಕಡೆ ಬಳಕೆಯಲ್ಲಿರುವ ಎಸ್‌ಎಫ್‌ಟಿಪಿಯ 3ನೆಯ ಆವೃತ್ತಿಯಲ್ಲಿ ‘ಹೆಸರು ಆಗಲೇ ಇದೆ’ ಎಂಬುದಕ್ಕೆ ಪ್ರತ್ಯೇಕ ಸಂಖ್ಯೆಯೇ ಇಲ್ಲ, ಬರಿಯ ‘ಫೇಲ್ಯೂರ್’ ಎಂದು ಬರುತ್ತದೆ. ಆಗ ಎಫ್5 ಒತ್ತಿ ಪಟ್ಟಿಯನ್ನು ಹೊಸದಾಗಿ ತರಿಸಿ ನೋಡಿ. ಫೋಲ್ಡರ್ ಅಲ್ಲೇ ಇದ್ದರೂ ಇರಬಹುದು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಕಾಲಂ ನೋಡಿದೆ, ಚಿತ್ರಗಳ ಫೋಲ್ಡರ್‌ಗೆ ಮಾತ್ರ ಮಾಲೀಕರ ಹೆಸರು ಬೇರೆ ಇದೆ. ಲಾಗ್‌ನ ಆ ಸಾಲನ್ನು ನಕಲು ಮಾಡಿ ನಿರ್ವಾಹಕರಿಗೆ ಕಳುಹಿಸಿದ್ದೇನೆ.