ಒಂದೇ ಮನೆಯಲ್ಲಿರುವವರಿಗೆ ‘ವಿರಹ’ ಸಲ್ಲುತ್ತದೆಯೇ?

ನನ್ನ ತಂಗಿಯ ಮಗಳು ಭಾವಗೀತೆ ಬರೆಯುತ್ತಾಳೆ. ಕಳೆದ ವಾರ ಶ್ರೀನಿವಾಸಪುರದಿಂದ ಬಂದವಳು ಹೊಸದೊಂದನ್ನು ಓದಲು ಕೊಟ್ಟಳು. ಗಂಡ ಜಗುಲಿಯಲ್ಲಿ ಪತ್ರಿಕೆ ಓದುತ್ತಿದ್ದಾನೆ. ಹೆಂಡತಿ ಕಾಫಿ ಲೋಟವನ್ನು ಕೈಗೆ ಕೊಡದೆ ಪಕ್ಕದಲ್ಲಿಟ್ಟು ಒಳಗೆ ಹೋಗುತ್ತಾಳೆ. ಕಾಫಿ ಆರಿ ಕೆನೆ ಕಟ್ಟುತ್ತದೆ. ಅವಳು ಬಾಗಿಲ ಸಂದಿಯಿಂದ ಅದನ್ನೇ ನೋಡುತ್ತಾಳೆ. ಹಾಡು ಇಷ್ಟೇ, ಹೆಸರು ‘ವಿರಹ’. ಒಂದೇ ಮನೆಯಲ್ಲಿರುವವರಿಗೆ ವಿರಹವೆಲ್ಲಿಂದ ಬಂತು ಎಂದು ನಾನು ಆ ಪದವನ್ನು ಹೊಡೆದುಹಾಕಿದೆ. “ದೊಡ್ಡಮ್ಮ, ದೂರವಾಗಲು ಊರು ಬಿಟ್ಟೇ ಹೋಗಬೇಕೇ?” ಎಂದಳು.

ಹುಡುಕಿ ನೋಡಿದಾಗ ತಪ್ಪು ನನ್ನದೇ ಎನಿಸಿತು, ಅರ್ಧದಷ್ಟಾದರೂ. 11ನೆಯ ಶತಮಾನದ ಸಂಸ್ಕೃತ ಕಾವ್ಯಮೀಮಾಂಸಕ ಮಮ್ಮಟ ತನ್ನ ‘ಕಾವ್ಯಪ್ರಕಾಶ’ದಲ್ಲಿ ವಿಪ್ರಲಂಭ ಶೃಂಗಾರಕ್ಕೆ, ಎಂದರೆ ಕೂಡಲಾಗದ ಪ್ರೇಮಿಗಳ ಶೃಂಗಾರಕ್ಕೆ, ಐದು ಕಾರಣ ಹೇಳುತ್ತಾನೆ: ಅಭಿಲಾಷ, ವಿರಹ, ಈರ್ಷ್ಯೆ, ಪ್ರವಾಸ, ಶಾಪ. ಊರು ಬಿಟ್ಟು ಹೋಗುವುದಕ್ಕೆ ‘ಪ್ರವಾಸ’ ಬೇರೆಯೇ ಇದೆ. ಹತ್ತಿರವಿದ್ದೂ ಗುರುಹಿರಿಯರ ಸಂಕೋಚದಂಥ ಅಡ್ಡಿಯಿಂದ ಕೂಡಲಾಗದಿರುವುದು ವಿರಹ ಎಂದು ವ್ಯಾಖ್ಯಾನಕಾರರು ಬಿಡಿಸುತ್ತಾರೆ. ಆದರೆ ನಮ್ಮ ಹುಡುಗಿಯ ಹಾಡಿನಲ್ಲಿ ಹೊರಗಿನ ಅಡ್ಡಿ ಯಾವುದೂ ಇಲ್ಲ.

ಹಾಗಾದರೆ ಬೇರೆ ಯಾವ ಪದ? ‘ಮುನಿಸು’ ಒಗ್ಗದು, ಮುನಿಸಿಕೊಂಡವರಿಗೆ ಬಂದು ರಮಿಸಲಿ ಎಂಬ ಆಸೆಯಿರುತ್ತದೆ, ಸಂಜೆಯೊಳಗೆ ಅದು ಕರಗುತ್ತದೆ. ‘ಅಗಲಿಕೆ’ ನನಗೆ ಬಹಳ ಪ್ರಿಯವಾದ ಪದ. ಅಗಲುವುದೆಂದರೆ ಬೇರ್ಪಡುವುದೂ ಹೌದು, ಹರವಾಗುವುದೂ ಹೌದು; ಉದ್ದ ಅಗಲ ಎನ್ನುವಾಗಿನ ‘ಅಗಲ’ವೂ ಅದೇ ಬೇರಿನದು. ಜಗುಲಿಗೂ ಅಡುಗೆಮನೆಗೂ ನಡುವಿನ ನಾಲ್ಕು ಮಾರು ದಿನದಿನಕ್ಕೆ ಹಿಗ್ಗುತ್ತ ಹೋಗುವುದು ಆ ಪದದೊಳಗೇ ಕಾಣಿಸುತ್ತದೆ. ಆದರೆ ನಿಧನವಾರ್ತೆಗಳಲ್ಲಿ ‘ಅಪಾರ ಬಂಧುಬಳಗವನ್ನು ಅಗಲಿದ್ದಾರೆ’ ಎಂದು ಓದಿ ಓದಿ, ಪ್ರೇಮಗೀತೆಯಲ್ಲಿ ಅದು ಬಂದರೆ ಎದೆ ಧಸಕ್ಕೆನ್ನುತ್ತದೆ.

ಕೋಲಾರದ ನಮ್ಮ ಬೀದಿಯಲ್ಲಿ ತೆಲುಗು ಮನೆಮಾತಿನವರು ಅನೇಕರಿದ್ದಾರೆ. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದರೆ ‘ಎಡಬಾಟು’ ಎಂದರು. ನಮ್ಮ ‘ಎಡೆಬಿಡದೆ’ಯಲ್ಲಿರುವ ಎಡೆಗೆ ನಂಟಿರುವ ಪದ, ಅದೂ ಬೇರ್ಪಟ್ಟವರಿಗೇ ಸಲ್ಲುವಂಥದ್ದು. ಹಾಡನ್ನು ಓದಿ ಹೇಳಿದ ಮೇಲೆ ಅಜ್ಜಿ ಕನ್ನಡದಲ್ಲೇ ಹೇಳಿದರು: “ಅವರು ಮುಖ ಕೊಟ್ಟು ಮಾತನಾಡುತ್ತಿಲ್ಲ ಕಣಮ್ಮ.” ನನಗೆ ಬೇಕಿದ್ದುದು ಇದೇ. ಹಾಲು ತಂದದ್ದಾಯಿತೇ, ಕರೆಂಟ್ ಬಿಲ್ ಕಟ್ಟಿದ್ದಾಯಿತೇ, ಎಲ್ಲ ಮಾತೂ ನಡೆಯುತ್ತದೆ. ಮುಖ ಮಾತ್ರ ಕೊಡುವುದಿಲ್ಲ.

ಇದಕ್ಕೆ ಹಾಡಿನ ತಲೆಯ ಮೇಲೆ ನಿಲ್ಲುವಂಥ ಒಂದು ನಾಮಪದ ಬೇಕು. ‘ಔದಾಸೀನ್ಯ’ ಬೇಡ, ಅದರಲ್ಲಿ ಹಂಬಲವಿಲ್ಲ. ಬಾಗಿಲ ಸಂದಿಯಲ್ಲಿ ನಿಂತವಳಿಗೆ ಹಂಬಲವಿದೆ. ನಿಮ್ಮ ಕಡೆ ಇಂಥ ದೂರಕ್ಕೆ ಏನೆನ್ನುತ್ತಾರೆ? ಒಟ್ಟಿಗಿರುವವರ ಬಗ್ಗೆ ‘ವಿರಹ’ ಎಂದದ್ದನ್ನು ಯಾರಾದರೂ ಕೇಳಿದ್ದೀರಾ? ಭಾನುವಾರ ಅವಳು ಮತ್ತೆ ಬರುತ್ತಾಳೆ. ಬೇರೆ ಪದ ಸಿಗದಿದ್ದರೆ ನಾನು ಹೊಡೆದುಹಾಕಿದ್ದನ್ನು ನನ್ನ ಕೈಯಿಂದಲೇ ತಿರುಗಿ ಬರೆದುಕೊಡುತ್ತೇನೆ.