ಅಪ್‌ಡೇಟ್: ಗದಗಿನ ಸಂಘದ ವೆಬ್‌ಸೈಟ್, ಮೊಬೈಲ್‌ನಲ್ಲಿ ಕನ್ನಡ ಸರಿಹೋಯಿತು
ನಮ್ಮ ರಕ್ತದಾನಿಗಳ ಸಂಘದ ವೆಬ್‌ಸೈಟ್ ಹೊಸದಾಗಿ ಮಾಡುವಾಗ ಹಳೆಯ ಕನ್ನಡ ಬರಹವೆಲ್ಲ ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತಿದೆ ಎಂದು ಕೇಳಿದ್ದೆನಲ್ಲ, ಅದು ಬಗೆಹರಿಯಿತು. ಆ ಬರಹ ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರ್‌ಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಹಳೆಯ ‘ನುಡಿ’ ಫಾಂಟ್‌ನಲ್ಲಿತ್ತು. ಕನ್ವರ್ಟರ್‌ಗೆ ಹಾಕಿ ಯೂನಿಕೋಡ್ ಮಾಡಿ ಎಂದವರ ಸಲಹೆಯೇ ಫಲಿಸಿತು. ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಕಣ್ಣಿಟ್ಟು ನೋಡಿ. ನಮ್ಮಲ್ಲಿ ‘ಕಾರ್ಯದರ್ಶಿ’ ನಾಲ್ಕಾರು ಕಡೆ ಕೆಟ್ಟು ಕೂತಿತ್ತು (ಪಾಪ, ನಮ್ಮ ಕಾರ್ಯದರ್ಶಿಯವರೇ ಕೂತು ತಿದ್ದಿದರು).

ಕನ್ವರ್ಟ್ ಮಾಡದೆ ಹಳೆಯ ಫಾಂಟನ್ನೇ ಸೈಟ್‌ಗೆ ಸೇರಿಸಿದಾಗ ಅಕ್ಷರ ಚೆಂದ ಕಂಡವು. ಆದರೆ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಮತ್ತೆ ಅದೇ ರಗಳೆ. ಪುಟಗಳನ್ನು ಫೋಟೊ ಮಾಡಿ ಹಾಕುವುದಂತೂ ಬೇಡ, ಸುಮ್ನೆ ಡೇಟಾ ಜಾಸ್ತಿ.

ನಿರೀಕ್ಷಿಸದ ಲಾಭ ಇನ್ನೊಂದಿದೆ. ಈಗ ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೂ ನಮ್ಮ ಪುಟ ಸಿಗುತ್ತದೆ. ಮುಳಗುಂದದವರೊಬ್ಬರು ಹಾಗೆ ಹುಡುಕಿಯೇ ಫೋನ್ ಮಾಡಿದ್ದರು.