ರೂಟ್ ಕೆನಾಲ್‌ಗೆ ಲೇಸರ್ ಬೇಕಾ? ಮಾಡಿಸಿಕೊಂಡವರು ಹೇಳಿ

ಕೊಪ್ಪಳದಿಂದ ಕೇಳುತ್ತಿದ್ದೇನೆ. ನಮ್ಮವ್ವನಿಗೆ 58 ವರ್ಷ, ಶುಗರ್ ಇದೆ. ಕೆಳಗಿನ ದವಡೆ ಹಲ್ಲಿಗೆ ನಾಲ್ಕು ವರ್ಷದ ಹಿಂದೆ ರೂಟ್ ಕೆನಾಲ್ ಆಗಿತ್ತು. ಈಗ ಅದೇ ಹಲ್ಲಿನ ಬುಡದಲ್ಲಿ ಕೀವಿನ ಗುಳ್ಳೆ ಎದ್ದಿದೆ. ಮತ್ತೆ ತೆರೆದು ಮಾಡಬೇಕಂತೆ. ಲೇಸರ್ ಹಾಕಿದರೆ ಸೋಂಕು ಪೂರ್ತಿ ಹೋಗುತ್ತದೆ, ಅದಕ್ಕೆ 3,000 ರೂಪಾಯಿ ಜಾಸ್ತಿ ಎಂದರು ಡಾಕ್ಟರ್. ಕೊಡಬಹುದಾ?

ರಾಯಚೂರಿನಿಂದ:

ಅಕ್ಕಾ, ನನ್ನ ಮೇಲಿನ ದವಡೆ ಹಲ್ಲಿಗೂ ಹೀಗೇ ಆಗಿತ್ತು. ಮೊದಲು ಮಾಡಿದವರು ಹಲ್ಲಿನ ಬೇರಿನೊಳಗಿನ ಮೂರು ಕಾಲುವೆ ತುಂಬಿ ಕಳಿಸಿದ್ದರು. ಎರಡನೇ ಸಲ ರೂಟ್ ಕೆನಾಲನ್ನೇ ಓದಿಕೊಂಡ ಡಾಕ್ಟರ್ ಹತ್ತಿರ ಹೋದೆ. ನಾಲ್ಕನೆಯದು ಸಿಕ್ಕಿತು. ಅದರಲ್ಲಿ ಉಳಿದ ಸೋಂಕೇ ಎರಡು ವರ್ಷ ನನ್ನನ್ನು ಕಾಡಿದ್ದು.

ಅವರು ನಮ್ಮ ಭಾಷೆಯಲ್ಲೇ ಹೇಳಿದರು. ಎಡದಂಡೆ ಕಾಲುವೆ ಇದ್ದಂಗೆ ಹಲ್ಲಿನ ಬೇರು. ದೊಡ್ಡ ಕಾಲುವೆ ಒಂದು, ಉಪಕಾಲುವೆ ನೂರಾರು. ಕಾಲುವೆ ಕೆರೆಯುವ ಸಣ್ಣ ಸೂಜಿ, ಅಂದರೆ ಫೈಲ್, ಓಡುವುದು ದೊಡ್ಡದರಲ್ಲಿ ಮಾತ್ರ. ತೊಳೆಯುವ ಔಷಧಿ, ಅಂದರೆ ಸೋಡಿಯಂ ಹೈಪೋಕ್ಲೋರೈಟ್, ಇನ್ನಷ್ಟು ಒಳಗೆ ಹೋಗುತ್ತದೆ. ಆದರೂ ಕೊನೆ ಭಾಗಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಎಂಟೆರೊಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾ ಅಂಥ ಕಡೆಯೇ ಅಡಗುತ್ತದೆ. ಅಲ್ಲಿಗೆ ಲೇಸರ್ ಸಹಾಯ ಮಾಡುತ್ತದೆ.

ಹಲ್ಲಿನ ಸುತ್ತ ನೀಲಿ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್, ಕಟ್ಟಿದರು, ಆ ಹಲ್ಲೊಂದೇ ಹೊರಗೆ ಕಾಣುವಂತೆ. ಬ್ಲೀಚಿಂಗ್ ಪುಡಿ ವಾಸನೆಯ ನೀರಿನಿಂದ ಬಹಳ ಹೊತ್ತು ತೊಳೆದರು. ಆಮೇಲೆ ನನಗೂ ಅವರಿಗೂ ಬಣ್ಣದ ಕನ್ನಡಕ. ಹೊಲಿಗೆ ದಾರದಷ್ಟು ಸಣ್ಣ ಎಳೆಯನ್ನು ಕಾಲುವೆಗೆ ಇಳಿಸಿ, ಸುತ್ತಿಸುತ್ತಾ ಮೇಲಕ್ಕೆ ಎಳೆದರು. ಒಂದೊಂದಕ್ಕೆ ಕೆಲವೇ ಸೆಕೆಂಡು. ಸ್ವಲ್ಪ ಬೆಚ್ಚಗಾಯಿತು, ನೋವಿರಲಿಲ್ಲ. ಅದು ಡಯೋಡ್ ಲೇಸರ್, ಶಾಖದಿಂದ ಕೆಲಸ ಮಾಡುವಂಥದ್ದು. ಒಂದೇ ಕಡೆ ಹಿಡಿದರೆ ಬೇರಿನ ಸುತ್ತಲ ಮೂಳೆಗೆ ಪೆಟ್ಟು. ಹಾಗಾಗಿ ಕೈ ಪಳಗಿದವರೇ ಬೇಕು.

ನನ್ನ ಹಲ್ಲು ಈಗ ಗಟ್ಟಿ ರೊಟ್ಟಿಗೂ ಜಗ್ಗುವುದಿಲ್ಲ. ಆದರೆ ಅದನ್ನು ಉಳಿಸಿದ್ದು ನಾಲ್ಕನೇ ಕಾಲುವೆ ಸಿಕ್ಕಿದ್ದು, ಲೇಸರ್ ಅಲ್ಲ ಅಂತಲೇ ನನ್ನ ನಂಬಿಕೆ. ‘ಪೂರ್ತಿ ಹೋಗುತ್ತದೆ’ ಎಂಬ ಮಾತನ್ನು ನಂಬಬೇಡಿ. ಲೇಸರ್ ತೊಳೆಯುವುದರ ಜೊತೆಗೆ, ಅದರ ಬದಲಿಗೆ ಅಲ್ಲ. ಮೊದಲು ಕೇಳಿ: ಹಿಂದಿನ ಸಲ ಯಾವುದಾದರೂ ಕಾಲುವೆ ಬಿಟ್ಟುಹೋಗಿದೆಯಾ? ರಬ್ಬರ್ ಡ್ಯಾಮ್ ಹಾಕುತ್ತೀರಾ? ಇದಕ್ಕೆ ನೇರ ಉತ್ತರ ಸಿಕ್ಕರೆ, ಅವ್ವನದು ಎರಡನೇ ಸಲದ್ದಲ್ವಾ, 3,000 ಕೊಡಬಹುದು. ಸಿಗದಿದ್ದರೆ ಬೇರೆ ಡಾಕ್ಟರ್‌ಗೆ ತೋರಿಸಿ.

ಬಳ್ಳಾರಿಯಿಂದ:

ನಮ್ಮ ಮನೆಯವರಿಗೆ ಇಲ್ಲಿನ ಸರ್ಕಾರಿ ದಂತ ಕಾಲೇಜಿನಲ್ಲಿ ಲೇಸರ್ ಇಲ್ಲದೇ ಆಯಿತು. ಕೀವಿತ್ತು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧಿ ಒಳಗಿಟ್ಟು ಎರಡು ವಾರ ಬಿಟ್ಟು, ಆಮೇಲೆ ತುಂಬಿದರು. ಮೂರು ಸಲ ಓಡಾಡಿದೆವು. ಐದು ವರ್ಷ ಆಯ್ತು, ಚೆನ್ನಾಗಿದೆ. ಹಣದ ತೊಂದರೆ ಇದ್ದರೆ ಸಂಕೋಚಪಡಬೇಡಿ, ಹೋಗಿ.

ಸಿಂಧನೂರಿನಿಂದ:

ನಾನು ಹಲ್ಲಿನ ಆಸ್ಪತ್ರೆಯಲ್ಲಿ ಸಹಾಯಕಿ. ಶುಗರ್ ಇದೆ ಅಂದಿರಲ್ಲ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಟೆಸ್ಟ್ ಮಾಡಿಸಿ ರಿಪೋರ್ಟ್ ತೆಗೆದುಕೊಂಡು ಹೋಗಿ. ಶುಗರ್ ಜಾಸ್ತಿ ಇದ್ದರೆ ಗಾಯ ಬೇಗ ಮಾಯುವುದಿಲ್ಲ. ಬೆಳಗಿನ ಹೊತ್ತು ಟೈಮ್ ಕೇಳಿ. ತಿಂಡಿ ತಿನ್ನಿಸಿ, ಶುಗರ್ ಮಾತ್ರೆ ಕೊಟ್ಟೇ ಕರೆದೊಯ್ಯಿರಿ. ಸುಮ್ನೆ ಉಪವಾಸ ಕೂರಿಸಬೇಡಿ. ಲೇಸರ್‌ಗೆ ಖರ್ಚಾಯಿತು ಅಂತ ಕೊನೆಗೆ ಹಲ್ಲಿನ ಮೇಲೆ ಹಾಕುವ ಕ್ಯಾಪ್ ಬಿಟ್ಟವರನ್ನು ಬಹಳ ನೋಡಿದ್ದೇನೆ, ಆರು ತಿಂಗಳಿಗೆ ಹಲ್ಲು ಸೀಳಿಕೊಂಡು ಬರುತ್ತಾರೆ. ಕ್ಯಾಪ್‌ನ ಹಣ ಮೊದಲೇ ಬೇರೆ ತೆಗೆದಿಡಿ ಅಕ್ಕಾ.